ಜ್ವಾಲಾದೋಷನಿರ್ಣಯ ಅಥವಾ ದುಧನಿ ಪಂಥದ ಗ್ಯಾಸ್ ಒಲೆ ಶಾಸ್ತ್ರ

ಶಾಸ್ತ್ರಗ್ರಂಥ ಆರಂಭವಾಗಬೇಕಾದರೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳು ಮೊದಲು ನಿಶ್ಚಯವಾಗಬೇಕೆಂದು ಪೂರ್ವಾಚಾರ್ಯರ ಕಟ್ಟಪ್ಪಣೆ. ಪ್ರಸ್ತುತ ಗ್ರಂಥದ ವಿಷಯ, ನೆಟ್ಟಗೆ ಉರಿಯದ ಗ್ಯಾಸ್ ಒಲೆ. ಪ್ರಯೋಜನ, ಬಿಸಿ ರೊಟ್ಟಿ. ಸಂಬಂಧ, ಮೊದಲನೆಯದು ಸರಿಹೋಗದೆ ಎರಡನೆಯದು ತಾಟಿಗೆ ಬೀಳದು. ಅಧಿಕಾರಿ ಯಾರೆಂಬುದರಲ್ಲಿ ಮಾತ್ರ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಗಡಿಯೂರು ದುಧನಿಯಲ್ಲಿ ಭಿನ್ನಮತವಿದೆ. ಒಲೆ ಹಚ್ಚುವವಳು ಸೊಸೆ, ಪಡಸಾಲೆಯಿಂದಲೇ ತೀರ್ಪು ಕೊಡುವವಳು ಅತ್ತೆ, ಏಜೆನ್ಸಿಗೆ ಫೋನ್ ಹಚ್ಚಿ ಸಿಟ್ಟು ಮಾಡುವವನು ಒಲೆಯ ಹತ್ತಿರ ಎಂದೂ ಸುಳಿಯದ ಗಂಡಸು. ಶಾಸ್ತ್ರ ಬರೆಯುವ ಹಕ್ಕು ಈ ಮೂರನೆಯವನದೇ. ಅನುಭವವಿದ್ದವರ ಕೈಲಿ ಶಾಸ್ತ್ರ ಕೊಟ್ಟರೆ ಅದು ಒಂದೇ ಪುಟದಲ್ಲಿ ಮುಗಿದುಹೋಗುತ್ತದೆ.

ಶೀತದೇಶಗಳ ಸಂಪ್ರದಾಯವನ್ನು ಮೊದಲು ನೋಡೋಣ. ಅಮೆರಿಕದ ಮಿನೆಸೋಟದಂಥ ಕಡೆ ನೆಲಮಾಳಿಗೆಯಲ್ಲಿ ಫರ್ನೆಸ್ ಎಂಬ ಗ್ಯಾಸ್ ಕುಲುಮೆ ಇರುತ್ತದೆ. ಅದು ಅಡುಗೆ ಮಾಡುವುದಿಲ್ಲ, ಇಡೀ ಮನೆಯನ್ನೇ ಕಾಯಿಸುತ್ತದೆ. ದುಧನಿಯಲ್ಲಿ ಏಪ್ರಿಲ್, ಮೇ ಬಂತೆಂದರೆ 42 ಡಿಗ್ರಿ ದಾಟುವುದರಿಂದ ಮನೆ ಕಾಯಿಸುವ ಗುತ್ತಿಗೆಯನ್ನು ಸೂರ್ಯನೇ ಟೆಂಡರ್ ಕರೆಯದೆ ಹಿಡಿದಿದ್ದಾನೆ. ಆದರೂ ತೌಲನಿಕ ಅಧ್ಯಯನವಿಲ್ಲದೆ ಪಾಂಡಿತ್ಯ ಪೂರ್ಣವಾಗದು. ಆ ಕುಲುಮೆಗೆ ಪದೇ ಪದೇ ಬರುವ ರೋಗಗಳು ಎರಡು: ಗಾಳಿಯ ಫಿಲ್ಟರು ಧೂಳು ತುಂಬಿ ಕಟ್ಟುವುದು, ಜ್ವಾಲೆ ಇದೆಯೋ ಇಲ್ಲವೋ ಎಂದು ನೋಡುವ ಸಣ್ಣ ಕಡ್ಡಿಗೆ ಕಿಟ್ಟ ಹಿಡಿದು, ಅದು ಉರಿಯುವ ಬೆಂಕಿಯನ್ನೂ ಕಾಣದೆ ಗ್ಯಾಸ್ ನಿಲ್ಲಿಸುವುದು. ನಮ್ಮ ಒಲೆಗೆ ಫಿಲ್ಟರೂ ಇಲ್ಲ, ಕಡ್ಡಿಯೂ ಇಲ್ಲ. ಕಡ್ಡಿಯ ಹುದ್ದೆಯಲ್ಲಿ ಅತ್ತೆಯ ಮೂಗಿದೆ. “ಏ ಯವ್ವಾ, ಗ್ಯಾಸಿನ ವಾಸನಿ ಬರಲತ್ತದ, ಬಟನ್ ನೋಡು” ಎಂಬ ಪಡಸಾಲೆಯ ಕೂಗಿಗೆ ಸಮನಾದ ಯಂತ್ರ ಮಿನೆಸೋಟದಲ್ಲಿ ಇನ್ನೂ ತಯಾರಾಗಿಲ್ಲ.

ಇನ್ನು ತರ್ಕ. ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ನೈಯಾಯಿಕರು ಊಹಿಸಿದರು. ಅದಕ್ಕೆ ಅವರು ಕೊಟ್ಟ ದೃಷ್ಟಾಂತ ಅಡುಗೆಮನೆ. ಶತಮಾನಗಳ ಕಾಲ ಈ ದೃಷ್ಟಾಂತವನ್ನು ಬೌದ್ಧರೂ ಜೈನರೂ ಅಲುಗಿಸಲಿಲ್ಲ. ಅಲುಗಿಸಿದ್ದು ಗ್ಯಾಸ್. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಉಜ್ವಲಾ ಗ್ಯಾಸ್ ಯೋಜನೆ ಶುರುವಾದ ಮೇಲಂತೂ ಆ ದೃಷ್ಟಾಂತಕ್ಕೆ ಹಳ್ಳಿಗಳಲ್ಲೂ ನೆಲೆ ತಪ್ಪತೊಡಗಿತು. ಹೊಗೆಯಿಲ್ಲದ ಬೆಂಕಿಗೆ ನೈಯಾಯಿಕರ ಬಳಿ ಇದ್ದ ಉದಾಹರಣೆ ಕಾದ ಕಬ್ಬಿಣದ ಗುಂಡು ಒಂದೇ. ಈಗ ಅದರ ಪಕ್ಕದಲ್ಲಿ ಎರಡು ಬರ್ನರಿನ ಸ್ಟೀಲ್ ಒಲೆಯನ್ನೂ ಇಡಬೇಕು. ಹಾಗಿದ್ದೂ ದುಧನಿಯ ಕೆಲವು ಪಾತ್ರೆಗಳ ತಳ ಕಪ್ಪಾಗುತ್ತದಲ್ಲ, ಅದೇಕೆ? ಹಳೆಯ ತಾರ್ಕಿಕರಿಗೂ ಇದು ಹೊಳೆದಿತ್ತು. ಬೆಂಕಿಯಿದ್ದ ಮಾತ್ರಕ್ಕೆ ಹೊಗೆ ಹುಟ್ಟದು, ಹಸಿ ಕಟ್ಟಿಗೆ ಸೇರಿದಾಗ ಮಾತ್ರ ಹುಟ್ಟುತ್ತದೆ, ಅದಕ್ಕೆ ಉಪಾಧಿ ಎಂದು ಹೆಸರು ಎಂದರು. ಗ್ಯಾಸ್ ಒಲೆಯಲ್ಲಿ ಹಸಿ ಕಟ್ಟಿಗೆಯ ಜಾಗದಲ್ಲಿ ಬಂದು ಕೂತಿರುವ ಉಪಾಧಿಯೇ ನಮ್ಮ ಸಿದ್ಧಾಂತ: ಎಲ್ಲರೂ ಬೈಯುವುದು ಗ್ಯಾಸನ್ನು, ದೋಷವಿರುವುದು ಗಾಳಿಯಲ್ಲಿ.

ಪ್ರಮಾಣ ಬೇಕೆನ್ನುವವರು ಲೆಕ್ಕ ನೋಡಲಿ. ಟಾಕಿಯಲ್ಲಿ, ಅಂದರೆ ಸಿಲಿಂಡರಿನಲ್ಲಿ, ಇರುವುದು ಪ್ರೋಪೇನ್ ಮತ್ತು ಬ್ಯೂಟೇನ್. ಒಂದು ಲೀಟರ್ ಪ್ರೋಪೇನ್ ಅನಿಲ ಪೂರ್ತಿ ಉರಿಯಲು ಸುಮಾರು 24 ಲೀಟರ್ ಗಾಳಿ ಬೇಕು, ಬ್ಯೂಟೇನಿಗೆ ಸುಮಾರು 31. ಅಂದರೆ ನಾವು ಗ್ಯಾಸ್ ಒಲೆ ಎನ್ನುವುದು ವಾಸ್ತವದಲ್ಲಿ ಗಾಳಿ ನುಂಗುವ ಯಂತ್ರ. ಗ್ಯಾಸಿನೊಡನೆ ಗಾಳಿಯನ್ನು ಮೊದಲೇ ಬೆರೆಸಿ ಉರಿಸುವ ಈ ಜಾಣ್ಮೆ 1855ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಬುನ್ಸೆನ್ನನ ಪ್ರಯೋಗಶಾಲೆಯಿಂದ ಹೊರಟದ್ದು. ಬುನ್ಸೆನ್ ದುಧನಿಗೆ ಬಂದಿರಲಿಲ್ಲ, ಜೋಳದ ರೊಟ್ಟಿಯನ್ನೂ ಕಂಡಿರಲಿಲ್ಲ. ತೊಂದರೆ ಹುಟ್ಟಿದ್ದು ಇಲ್ಲಿಯೇ.

ಗ್ಯಾಸ್ ಒಲೆಯನ್ನು ಮಾಡಿದ್ದು ಪಾತ್ರೆ ಇಡುವುದಕ್ಕೆ. ಇಲ್ಲಿ ಅದರ ಮೇಲೆ ನಡೆಯುವುದು ಬೇರೆ. ಹಿಟ್ಟು ಉದುರಿಸಿ ತಟ್ಟಿದ ರೊಟ್ಟಿ ಹಂಚಿನ ಮೇಲೆ ಬೀಳುತ್ತದೆ, ಮೇಲೆ ನೀರು ಸವರಿಸಿಕೊಳ್ಳುತ್ತದೆ, ಮಗುಚಿಕೊಳ್ಳುತ್ತದೆ. ಕೊನೆಗೆ ಹಂಚು ಸರಿಸಿ ನೇರ ಉರಿಯ ಮೇಲೆ ಹಾಕಿದಾಗ ಉಬ್ಬುತ್ತದೆ. ಉಬ್ಬುವ ಆ ಕ್ಷಣದಲ್ಲಿ ಅಂಟಿದ್ದ ಒಣ ಹಿಟ್ಟೆಲ್ಲ ಬರ್ನರಿನ ತೂತುಗಳಿಗೆ ನೈವೇದ್ಯ. ಸಂಜೆ ಅದರ ಮೇಲೆ ಚಹಾ ಉಕ್ಕುತ್ತದೆ. ಹಿಟ್ಟು, ಸಕ್ಕರೆ, ಹಾಲು ಮೂರೂ ಕೂಡಿ ಸುಟ್ಟು ಹುಟ್ಟುವ ಕರಿಯ ಲೇಪವನ್ನು ಕಿತ್ತು ನೋಡಿದವರಿಗೇ ಗೊತ್ತು ಅದರ ಗಟ್ಟಿತನ. ತೂತು ಕಟ್ಟಿತು, ಬೆರೆಯುವ ಗಾಳಿ ತಗ್ಗಿತು, ನೀಲಿ ಉರಿ ಹಳದಿಯಾಯಿತು, ಪಾತ್ರೆಯ ತಳ ಕಪ್ಪಾಯಿತು. “ಈ ಸಲದ್ ಟಾಕಿ ಗ್ಯಾಸ್ ಛಲೋ ಇಲ್ಲ” ಎಂದು ಮನೆಯ ಯಜಮಾನ ತೀರ್ಪು ಕೊಟ್ಟ.

ಹಳದಿಯಲ್ಲೂ ಭೇದವಿದೆ. ಬ್ಯಾಳಿ ಉಕ್ಕಿ ಉಪ್ಪುನೀರು ಬಿದ್ದಾಗ ಕ್ಷಣಕಾಲ ಮಿಂಚುವ ಹಳದಿ ಸೋಡಿಯಮ್ಮಿನದು, ಮಸಿ ಬಿಡುವುದಿಲ್ಲ, ಅದನ್ನು ಕ್ಷಮಿಸಬೇಕು. ನಿಂತು ತೂಗಾಡುವ ಹಳದಿ ಗಾಳಿದೋಷದ್ದು.

ಚಿಕಿತ್ಸೆ: ಒಲೆ ತಣ್ಣಗಾದ ಮೇಲೆ ಬರ್ನರ್ ತೆಗೆದು ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಕಸಬರಿಗೆಯ ಕಡ್ಡಿಯಿಂದ ಒಂದೊಂದೇ ತೂತು ಬಿಡಿಸಿ, ಪೂರ್ತಿ ಒಣಗಿಸಬೇಕು. ಹಸಿಯಿದ್ದಾಗಲೇ ಕೂರಿಸಿದರೆ ಅದು ಫುಟ್ ಫುಟ್ ಎಂದು ಭಾಷ್ಯ ಬರೆಯುತ್ತದೆ. ಬರ್ನರಿನ ಕೆಳಗಿನ ಕೊಳವೆಯಲ್ಲಿ ಜೇಡ ಬಲೆ ಕಟ್ಟಿದ್ದರೆ, ಜಿರಳೆ ಮನೆ ಮಾಡಿದ್ದರೆ ಅದನ್ನೂ ತೆರವು ಮಾಡಬೇಕು. ಆದರೆ ಗ್ಯಾಸ್ ಚಿಮ್ಮುವ ಹಿತ್ತಾಳೆಯ ಜೆಟ್ಟಿಗೆ ದಬ್ಬಣ ಚುಚ್ಚುವ ಪಂಥವೊಂದಿದೆ, ಅದು ನಾಸ್ತಿಕ ಪಂಥ. ತೂತು ದೊಡ್ಡದಾದರೆ ಗ್ಯಾಸ್ ಹೆಚ್ಚು, ಗಾಳಿ ಕಡಿಮೆ, ಮತ್ತೆ ಹಳದಿ.

ಉರಿ ಸಣ್ಣದಾಯಿತೆಂಬ ದೂರಿಗೆ ಅನ್ವಯ-ವ್ಯತಿರೇಕ ನ್ಯಾಯ ಸಾಕು. ಒಂದೇ ಬರ್ನರ್ ಸೊರಗಿದರೆ ರೋಗ ಆ ಬರ್ನರಿನದು. ಎರಡೂ ಸೊರಗಿದರೆ ಟಾಕಿ, ರೆಗ್ಯುಲೇಟರ್, ಇಲ್ಲವೇ ಗ್ವಾಡಿಗೆ ಒತ್ತಿ ಮಡಚಿಕೊಂಡ ನಳಿಗೆಯದು. ಇಷ್ಟು ಸರಳವಾದದ್ದನ್ನು ಬರೆಯಲು ಗ್ರಂಥಕರ್ತನಿಗೆ ನಾಚಿಕೆಯಾಗುತ್ತದೆ. ಆದರೆ ಎಡಗಡೆಯ ಬರ್ನರ್ ಕಟ್ಟಿದ್ದಕ್ಕೆ ತುಂಬಿದ ಟಾಕಿಯನ್ನೇ ವಾಪಸ್ ಕಳಿಸಿದ ಪಂಡಿತರು ಈ ಭಾಗದಲ್ಲಿದ್ದಾರೆ.

ಟಾಕಿ ತೀರುವ ಹೊತ್ತಿನ ಬಗ್ಗೆ ಮೂರು ಮತಗಳು ಪ್ರಸಿದ್ಧ. ಅಲುಗಿಸುವವರ ಮತ ನಿರುಪದ್ರವಿ, ನಿಷ್ಪ್ರಯೋಜಕ ಕೂಡ. ಅಡ್ಡ ಮಲಗಿಸುವವರ ಮತ ಅಪಾಯದ್ದು: ಆವಿ ಬರಬೇಕಾದ ದಾರಿಯಲ್ಲಿ ದ್ರವವೇ ನುಗ್ಗಿ ಬರುತ್ತದೆ. ಒದ್ದೆ ಅರಿವೆಯವರ ಮತ ಮಾತ್ರ ಪ್ರಮಾಣಬದ್ಧ. ಟಾಕಿಗೆ ಒದ್ದೆ ಅರಿವೆ ಸವರಿದರೆ ಒಳಗೆ ದ್ರವವಿರುವ ಮಟ್ಟದವರೆಗೆ ತಂಪಿದ್ದು ಪಸೆ ತಡವಾಗಿ ಆರುತ್ತದೆ, ಮೇಲಿನ ಭಾಗ ಬೇಗ ಆರುತ್ತದೆ. ಅಡತಿ ವ್ಯಾಪಾರದ ಊರಾದ್ದರಿಂದ ತೂಕದಲ್ಲಿ ಇಲ್ಲಿ ಯಾರೂ ಯಾರನ್ನೂ ನಂಬುವುದಿಲ್ಲ. ಅಂಥವರು ಹೊಸ ಟಾಕಿಯ ಮೇಲೆ ಬರೆದಿರುವ ಖಾಲಿ ತೂಕಕ್ಕೆ 14.2 ಕಿಲೋ ಕೂಡಿಸಿ ತೂಗಿಸಿಕೊಳ್ಳಲಿ.

ಅದೇ ಟಾಕಿಯ ಕೊರಳಲ್ಲಿ ಒಂದು ಲಘು ಶಾಸನವೂ ಇದೆ. ಇದೇ ಜಿಲ್ಲೆಯ ಹತ್ತರಸಂಗ ಕೂಡಲದ 1018ರ ಶಾಸನವನ್ನು ಓದಿದ ವಿದ್ವಾಂಸರಿದ್ದಾರೆ, ಇದನ್ನು ಓದುವವರಿಲ್ಲ. ಅದರ ಅಕ್ಷರಗಳಲ್ಲಿ ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಪಕ್ಕದ ಅಂಕಿ ಇಸವಿ. ಆ ಅವಧಿಯೊಳಗೆ ಟಾಕಿ ಮರುಪರೀಕ್ಷೆಗೆ ಹೋಗಬೇಕು. ದಾಟಿದ್ದರೆ ಇಳಿಸಿಕೊಳ್ಳಬಾರದು.

ಸೋರಿಕೆಯ ಪ್ರಕರಣದಲ್ಲಿ ಅಣಕಕ್ಕೆ ಜಾಗವಿಲ್ಲ. ಗ್ಯಾಸಿಗೆ ತನ್ನದೇ ವಾಸನೆಯಿಲ್ಲ, ಆ ನಾತ ಬೇಕೆಂದೇ ಬೆರೆಸಿದ ಮರ್ಕ್ಯಾಪ್ಟನ್ನಿನದು. ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ನೋಡಬೇಕು. ಕಡ್ಡಿ ಗೀರಿ ಹುಡುಕಿದವರು ಅನುಭವ ಬರೆದಿಡಲು ಉಳಿಯುವ ಭರವಸೆಯಿಲ್ಲ. ನಾತ ಜೋರಾಗಿದ್ದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿಯ ಜೊತೆ ಬಾಗಿಲನ್ನೂ ತೆರೆಯಬೇಕು, ಏಕೆಂದರೆ ಈ ಗ್ಯಾಸ್ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಕರೆಂಟಿನ ಸ್ವಿಚ್ ಹಾಕಲೂ ಬಾರದು, ಆರಿಸಲೂ ಬಾರದು. ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು.

ಸಣ್ಣಪುಟ್ಟ ರಿಪೇರಿಗೆ ಮಿಸ್ತ್ರಿಯನ್ನು ಕರೆಯುವಾಗ ದುಧನಿಯ ಶಿಷ್ಟಾಚಾರ ಇಷ್ಟೇ: ಏಜೆನ್ಸಿಯವರಿಗೆ ಮರಾಠಿಯಲ್ಲಿ ವಿನಂತಿ, ಅವರು ಬರುವತನಕ ಒಲೆಗೆ ಕನ್ನಡದಲ್ಲಿ ಬೈಗುಳ. ಎರಡನೆಯದರ ಪಾಠಾಂತರಗಳನ್ನು ಮನೆಮನೆಯಿಂದ ಸಂಗ್ರಹಿಸಲಾಗಿತ್ತು. ಅಚ್ಚು ಹಾಕಲು ಸಂಪಾದಕರು ಒಪ್ಪಲಿಲ್ಲ.