ಅಂಚೆಯಜ್ಜನ ಮೂರು ಗಿಡ

ತೋಟ ಮಾಡುವವರಲ್ಲೂ ಪಂಗಡಗಳಿವೆ. ಗುಲಾಬಿಯವರಿಗೆ ತರಕಾರಿಯವರು ಬರೀ ಹೊಟ್ಟೆಬಾಕರಾಗಿ ಕಾಣುತ್ತಾರೆ. ತರಕಾರಿಯವರಿಗೆ ಗುಲಾಬಿಯವರು ಕೆಲಸವಿಲ್ಲದ ಶ್ರೀಮಂತರು. ಕಳ್ಳಿ ಬೆಳೆಸುವವರು ಯಾರೊಂದಿಗೂ ಮಾತಾಡುವುದಿಲ್ಲ. ಬೋನ್ಸಾಯ್‌ನವರ ಜೊತೆ ಯಾರೂ ಮಾತಾಡುವುದಿಲ್ಲ. ನಾನು ಬದುಕುತ್ತಿರುವ ಜರ್ಮನಿಯಲ್ಲಿ 2024ರ ಏಪ್ರಿಲ್ 1ರಂದು ಇವರ ಸಾಲಿಗೆ ಹೊಸ ಪಂಗಡವೊಂದು ಕಾನೂನಿನ ಆಶೀರ್ವಾದದೊಂದಿಗೆ ಬಂದು ಸೇರಿತು: ಮನೆಯಂಗಳದ ಗಾಂಜಾ ಬೆಳೆಗಾರರು. ಸುದ್ದಿಯನ್ನು ಧಾರವಾಡದ ಗೆಳೆಯರಿಗೆ ತಿಳಿಸಿದೆ. ತಾರೀಖು ನೋಡಿ ಎಲ್ಲರೂ ನಕ್ಕು ಸುಮ್ಮನಾದರು.

ಕಾನೂನು ಹೇಳುವುದು ಇಷ್ಟು. ಹದಿನೆಂಟು ತುಂಬಿದವರು ತಾವು ವಾಸವಿರುವ ಮನೆಯಲ್ಲಿ ಒಂದು ಕಾಲಕ್ಕೆ 3 ಗಿಡ ಬೆಳೆಸಬಹುದು. ಮಕ್ಕಳ ಕೈಗೆ ಸಿಗದಂತೆ ಕಾಯಬೇಕು. ಒಣಗಿಸಿದ ಮಾಲು ಮನೆಯಲ್ಲಿ 50 ಗ್ರಾಂ, ಹೊರಗೆ ಹೋಗುವಾಗ ಜೇಬಿನಲ್ಲಿ 25 ಗ್ರಾಂ ಮೀರಕೂಡದು. ಬೀಜವನ್ನು ಯುರೋಪ್ ಒಕ್ಕೂಟದ ಬೇರೆ ದೇಶಗಳಿಂದ ತರಿಸಿಕೊಳ್ಳಲಡ್ಡಿಯಿಲ್ಲ. ಊರಾಚೆ ಬಾಡಿಗೆಗೆ ಸಿಗುವ ತುಂಡುತೋಟಗಳಲ್ಲಿ ಮಾತ್ರ ಬೆಳೆಸುವಂತಿಲ್ಲ, ಅವು ವಾಸದ ಮನೆಗಳಲ್ಲವಲ್ಲ. ಇನ್ನೂ ಒಂದು ಕಲಮು ಇದೆ. ಅದರ ಮಾತು ಆಮೇಲೆ.

ನಮ್ಮ ಪಕ್ಕದ ಮನೆಯವರು ನಿವೃತ್ತ ಅಂಚೆ ನೌಕರರು. ಮನೆಯೊಳಗೆ ನಾವು ಅವರನ್ನು ಅಂಚೆಯಜ್ಜ ಎನ್ನುತ್ತೇವೆ. ಬದುಕಿಡೀ ಕಾಗದ ವಿಂಗಡಿಸಿದ ಕೈ, ಈಗ ಸಸಿ ವಿಂಗಡಿಸುತ್ತದೆ. ಟೊಮ್ಯಾಟೊ ಗಿಡಗಳು ಸೇನಾ ಕವಾಯತಿನ ಅಂತರದಲ್ಲಿ ನಿಂತಿರುತ್ತವೆ. ಯಾವ ಬೀಜ ಯಾವ ದಿನ ಮೊಳೆಯಿತು ಎಂಬುದು ಗೀಟುಪುಸ್ತಕದಲ್ಲಿ ದಾಖಲಾಗಿರುತ್ತದೆ. ಹೊಸ ಕಾನೂನು ಬಂದಾಗ ಈ ಪುಸ್ತಕದಲ್ಲಿ ಹೊಸ ಪುಟವೊಂದು ತೆರೆದುಕೊಂಡಿತು. ಅವರು ಸೇದುವವರಲ್ಲ, ಬೀಡಿ ಸಿಗರೇಟೂ ಮುಟ್ಟಿದ್ದನ್ನು ನಾನು ಕಂಡಿಲ್ಲ. ಇಷ್ಟು ವರ್ಷ ಬೆಳೆಯಬಾರದು ಎಂದಿದ್ದ ಗಿಡ ಹೇಗೆ ಬೆಳೆಯುತ್ತದೆ ಎಂಬ ಕುತೂಹಲವೊಂದೇ. ಅವರ ಹೆಂಡತಿಗೂ ತಮ್ಮ ಪಾಲಿನ ಮೂರು ಗಿಡದ ಹಕ್ಕಿತ್ತು. ಆ ಜಾಗದಲ್ಲಿ ಅವರು ಡೇಲಿಯಾ ಹಾಕಿಕೊಂಡರು.

ಮಕ್ಕಳಿಂದ ಕಾಯಬೇಕೆಂಬ ನಿಯಮಕ್ಕಾಗಿ ಅಜ್ಜ ಹಿತ್ತಿಲಿನ ಬಿಸಿಲುಮೂಲೆಗೆ ಜಾಲರಿ ಕಟ್ಟಿ, ಬಾಗಿಲಿಟ್ಟು, ಬೀಗ ಜಡಿದರು. ಆ ಮೂಲೆಯಲ್ಲಿ ಮೊದಲಿಂದಲೂ ಇದ್ದ ಟೊಮ್ಯಾಟೊ ಗಿಡಗಳೂ ಯಾವ ತಪ್ಪೂ ಮಾಡದೆ ಒಳಗಾದವು.

ಅದೇ ಬೇಸಿಗೆಯಲ್ಲಿ ಊರಿಂದ ನಮ್ಮವ್ವ ಬಂದಳು. ಜಾಲರಿಯ ಹತ್ತಿರ ಹೋಗಿ, ಬೆರಳು ಚಾಚಿದಂಥ ಆ ಎಲೆಗಳನ್ನು ನೋಡಿದವಳೇ ನನ್ನ ಕರೆದಳು.

"ಏನೋ, ಇದು ಭಂಗಿ ಗಿಡ ಅಲ್ಲೇನು?"

"ಹೌದವ್ವಾ."

"ಪೊಲೀಸರು ಬರೂದಿಲ್ಲೇನು?"

"ಮೂರು ಗಿಡದ ತನಕ ಬರಂಗಿಲ್ಲ."

"ಮತ್ತ ನಾಲ್ಕನೇದು ತಾನಾಗೇ ಹುಟ್ಟಿದ್ರ?"

ನಾನು ಇದನ್ನು ಅಜ್ಜನಿಗೆ ಅನುವಾದಿಸಿದೆ. ಅವರು ಬಹಳ ಹೊತ್ತು ಗಂಭೀರವಾಗಿ ಯೋಚಿಸಿದರು. ಆ ಸಂಜೆ ಜಾಲರಿಯೊಳಗಿನ ಕಳೆಯೆಲ್ಲ ಕಿತ್ತುಹೋಗಿತ್ತು.

ಭಂಗಿ ನಮ್ಮ ಕಡೆಯವರಿಗೆ ಹೊಸದಲ್ಲ. ಸುರಪುರ ಸೀಮೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಅದನ್ನು ಪ್ರಸಾದವೆಂದು ಕೊಡುವ ರೂಢಿಯ ಬಗ್ಗೆ ಪತ್ರಿಕೆಗಳಲ್ಲಿ ಬಂದಿದೆ. ಆದರೆ ಅವ್ವನಿಗೆ ಈ ಗಿಡದ ನಿಕಟ ಪರಿಚಯ ಆದದ್ದು ಜಿಲ್ಲಾ ಸುದ್ದಿಯ ಪುಟದಲ್ಲಿ: ತೊಗರಿ ಸಾಲಿನ ನಡುವೆ ಬೆಳೆದಿದ್ದ ಗಾಂಜಾ ವಶ, ಒಬ್ಬನ ಬಂಧನ. ಫೋಟೋದಲ್ಲಿ ಗಿಡಗಳ ಹಿಂದೆ ಪೊಲೀಸರು ಸಾಲಾಗಿ ನಿಂತಿರುತ್ತಾರೆ. ಬೆಳೆದವನ ಮುಖಕ್ಕೆ ಬಟ್ಟೆ. ನಮ್ಮವ್ವ ರೈತರ ಮನೆಯವಳು. ಅಂಥ ಫೋಟೋ ನೋಡಿದಾಗೆಲ್ಲ ಅವಳ ಕಣ್ಣು ಮೊದಲು ಹೋಗುವುದು ಗಿಡದ ಎತ್ತರಕ್ಕೆ. "ಗೊಬ್ಬರ ಚೊಲೋ ಹಾಕ್ಯಾನ, ಪಾಪ" ಎನ್ನುತ್ತಾಳೆ.

ಗೊಬ್ಬರವೇ ಅವಳನ್ನೂ ಅಂಚೆಯಜ್ಜನನ್ನೂ ಹತ್ತಿರ ತಂದಿತು. ಅಜ್ಜ ಕುಂಡದ ಮಣ್ಣಿಗೆ ದನದ ಕೊಂಬಿನ ಹೆರಕಲು ಬೆರೆಸುತ್ತಾರೆ. ಇಲ್ಲಿನ ಅಂಗಡಿಗಳಲ್ಲಿ ಚೀಲಗಟ್ಟಲೆ ಸಿಗುವ ಮಾಲು ಅದು. ನಿಧಾನಕ್ಕೆ ಕರಗಿ ಸಾರಜನಕ ಕೊಡುತ್ತದೆ. ಇನ್ನೊಂದು ಪೀಪಾಯಿಯಲ್ಲಿ ತುರಿಕೆ ಸೊಪ್ಪನ್ನು ನೀರಲ್ಲಿ ಕೊಳೆಹಾಕಿ, ಸೋಸಿ, ನೀರು ಬೆರೆಸಿ ಹನಿಸುತ್ತಾರೆ. ಅದರ ನಾತಕ್ಕೆ ನಾವೆಲ್ಲ ಮೂಗು ಮುಚ್ಚಿ ಓಡಿದರೆ ಅವ್ವ ಮುಚ್ಚಳ ತೆಗೆದು ಬಗ್ಗಿ ನೋಡಿದಳು. ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಕಲಸಿ ಮಾಡುವ ಜೀವಾಮೃತದ ವಿಧಿಯನ್ನು ವಿವರಿಸಿದಳು. ನಾನು ಅನುವಾದಿಸಿದೆ. ಅಜ್ಜ ಗೀಟುಪುಸ್ತಕದಲ್ಲಿ ಬರೆದುಕೊಂಡರು. ಗಂಜಲ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಆ ಪ್ರಶ್ನೆಯ ಹತ್ತಿರ ಎರಡು ಸಂಸ್ಕೃತಿಗಳ ಸಂವಾದ ನಿಂತಿತು.

ಗಿಡದ ಬೇಡಿಕೆಗಳು ಹೆಚ್ಚೇನಿಲ್ಲ. ದಿನಕ್ಕೆ ಆರೆಂಟು ಗಂಟೆ ನೇರ ಬಿಸಿಲು, ನೀರು ನಿಲ್ಲದ ಸಡಿಲ ಮಣ್ಣು, ತುಸು ಗಾಳಿ. ಮಣ್ಣಿನ ಪಿಎಚ್ 6ರಿಂದ 7ರೊಳಗೆ ಇದ್ದರೆ ಸಾಕು. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು. ಪ್ರೀತಿಯಿಂದ ದಿನಾ ಸುರಿದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೆಳಗಿನ ಎಲೆ ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ಎಲೆಯ ತುದಿ ಸುಟ್ಟಂತಾದರೆ ಉಣಿಸಿದ್ದು ಜಾಸ್ತಿಯಾಯಿತು. ಇಷ್ಟನ್ನು ನಮ್ಮವ್ವ ಬದನೆ, ಮೆಣಸಿನ ಗಿಡದ ಬಗ್ಗೆಯೂ ಹೇಳುತ್ತಾಳೆ. ಗಿಡ ಮೊಣಕಾಲೆತ್ತರ ಬಂದಾಗ ಅವಳು ಜಾಲರಿಯಾಚೆಯಿಂದಲೇ ತುದಿ ಚಿವುಟುವಂತೆ ಸನ್ನೆ ಮಾಡಿದಳು. ಅಜ್ಜ ಅದಾಗಲೇ ಕತ್ತರಿ ಹಿಡಿದಿದ್ದರು. ತುದಿ ಹೋದರೆ ಗಿಡ ಪಕ್ಕಕ್ಕೆ ಕವಲೊಡೆಯುತ್ತದೆ ಎಂಬುದಕ್ಕೆ ಅನುವಾದಕ ಬೇಕಿಲ್ಲ.

ಕಾಲದ ಲೆಕ್ಕದಲ್ಲೂ ಇಬ್ಬರೂ ಒಂದೇ ಶಾಲೆಯವರು. ಜರ್ಮನಿಯ ರೈತರು ಮೇ 11ರಿಂದ 15ರವರೆಗಿನ ಐದು ದಿನಗಳನ್ನು ಹಿಮಸಂತರ ದಿನಗಳೆನ್ನುತ್ತಾರೆ. ದಿನಕ್ಕೊಬ್ಬ ಸಂತ, ಕೊನೆಯವಳು ಸೋಫಿ, ಅವಳಿಗೆ ತಣ್ಣನೆಯ ಸೋಫಿ ಎಂದೇ ಹೆಸರು. ಅವಳು ದಾಟುವ ತನಕ ಎಳೆಸಸಿಗಳನ್ನು ಹೊರಗಿಟ್ಟರೆ ಇಬ್ಬನಿ ಹೆಪ್ಪುಗಟ್ಟಿ ಸುಟ್ಟುಬಿಡುತ್ತದಂತೆ. ಅಜ್ಜ ದಿನವೂ ಮೊಬೈಲಿನಲ್ಲಿ ಹವಾಮಾನ ನೋಡುತ್ತಾರೆ, ಆದರೆ ಸಸಿ ಹೊರಗಿಡುವುದು ಸೋಫಿ ಹೋದ ಮೇಲೆಯೇ. ಅವ್ವ ಇದನ್ನು ಕೇಳಿ ಖುಷಿಪಟ್ಟಳು. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎಂದು ನಂಬಿದವಳಿಗೆ ಐದು ಸಂತರನ್ನು ನಂಬುವುದು ಕಷ್ಟವಲ್ಲ.

ಆದರೆ ಈ ಗಿಡ ಸಂತರನ್ನೂ ನಕ್ಷತ್ರವನ್ನೂ ನೋಡುವುದಿಲ್ಲ, ಇರುಳನ್ನು ಅಳೆಯುತ್ತದೆ. ಧಾರವಾಡದಲ್ಲಿ ವರ್ಷದ ಅತಿ ದೊಡ್ಡ ಹಗಲೆಂದರೆ ಸುಮಾರು 13 ಗಂಟೆ. ನಮ್ಮ ಈ ರೈನ್ ಬಯಲಿನಲ್ಲಿ ಜೂನ್ ತಿಂಗಳಲ್ಲಿ 16 ಗಂಟೆ. ಅಷ್ಟು ದಿನ ಅದು ಬರೀ ಎಲೆ, ಕಾಂಡ ಬೆಳೆಸುತ್ತ ಇರುತ್ತದೆ. ಆಗಸ್ಟ್‌ನಲ್ಲಿ ರಾತ್ರಿ ಉದ್ದವಾಗತೊಡಗಿದ ಮೇಲೆ ಹೂವಿಗೆ ತಿರುಗುತ್ತದೆ. ಅದಕ್ಕೂ ಮುಂಚೆ ಗೆಣ್ಣುಗಳ ಬಳಿ ಗಂಡೋ ಹೆಣ್ಣೋ ಎಂಬ ಗುಟ್ಟು ಬಯಲಾಗುತ್ತದೆ. ಪಪ್ಪಾಯಿಯಂತೆ ಇದರಲ್ಲೂ ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ. ಹೆಣ್ಣಿನಲ್ಲಿ ಬಿಳಿ ಕೂದಲಿನಂಥ ಎಳೆಗಳು, ಗಂಡಿನಲ್ಲಿ ಸಣ್ಣ ಗುಂಡು ಮೊಗ್ಗುಗಳು. ಗಂಡು ಪರಾಗ ಚೆಲ್ಲಿದರೆ ಹೆಣ್ಣುಗಿಡದ ಹೂವೆಲ್ಲ ಬೀಜ ಕಟ್ಟಿಬಿಡುತ್ತದೆ. ಆದ್ದರಿಂದ ಅದನ್ನು ಕಂಡ ದಿನವೇ ಕೀಳುತ್ತಾರೆ. ಅಜ್ಜನ ಮೂರರಲ್ಲಿ ಒಂದು ಗಂಡಾಯಿತು. ಹತ್ತಿರವೇ ನಿಂತಿದ್ದ ಅವರ ಹೆಂಡತಿ ಡೇಲಿಯಾಗಳಿಂದ ತಲೆಯೆತ್ತದೆ, "ಕೊನೆಗೂ ಒಂದು ನ್ಯಾಯವಾದ ಕಾನೂನು" ಎಂದರು.

ಇದು ಹೊಸ ಕ್ರೌರ್ಯವೇನಲ್ಲ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿ ಗಾಂಜಾದ ಹತ್ತಿರದ ಸಂಬಂಧಿ, ಎರಡೂ ಒಂದೇ ಸಸ್ಯಕುಟುಂಬದವು. ಬವೇರಿಯಾದ ಹಾಲರ್ಟಾವ್ ಜಗತ್ತಿನಲ್ಲೇ ಬಹು ದೊಡ್ಡ ಹಾಪ್ಸ್ ಸೀಮೆ. ಅಲ್ಲಿ ಬೆಳೆಯುವುದೆಲ್ಲ ಹೆಣ್ಣುಬಳ್ಳಿಗಳೇ. ಕಾಡಿನಲ್ಲಿ ಹುಟ್ಟಿದ ಗಂಡುಬಳ್ಳಿಯನ್ನೂ ಹುಡುಕಿ ಕೀಳಬೇಕೆಂಬ ಕಟ್ಟಳೆಯಿದೆ. ಶತಮಾನಗಳಿಂದ ಒಬ್ಬಳಿಗೆ ಉತ್ಸವ ಮಾಡಿದ ದೇಶ, ಅವಳ ಸೋದರಿಗೆ ಈಗಷ್ಟೇ ಮನೆಯೊಳಗೆ ಬರಲು ಹೇಳಿದೆ. ಇವರಿಬ್ಬರ ನಡುವೆ ಸಿಕ್ಕಿ ಸತ್ತದ್ದು ಚಿಪ್ಪಿಲ್ಲದ ಬಸವನಹುಳು. ಮಳೆಯ ರಾತ್ರಿ ಈ ಹುಳುಗಳು ಎಳೆಸಸಿಗಳನ್ನು ಬುಡಸಹಿತ ಮೇಯುತ್ತವೆ. ಅವುಗಳಿಗೆ ಬಟ್ಟಲಲ್ಲಿ ಬಿಯರ್ ಇಟ್ಟು, ಬಿದ್ದು ಮುಳುಗಲಿ ಎಂದು ಕಾಯುವುದು ಇಲ್ಲಿನ ಹಳೇ ಉಪಾಯ. ಗಾಂಜಾ ತಿನ್ನಲು ಹೊರಟು ಬಿಯರಿನಲ್ಲಿ ಬಿದ್ದ ಜೀವಗಳನ್ನು ಅಜ್ಜ ಬೆಳಿಗ್ಗೆ ಎಣಿಸುತ್ತಿದ್ದರು. ಅವ್ವ ಮಾತ್ರ "ಶಿವ ಶಿವಾ" ಎನ್ನುತ್ತ ಆ ಹೊತ್ತಿಗೆ ಒಳಗೆ ಹೋಗುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಹೂವು ಬಲಿತಂತೆ ವಾಸನೆ ಎದ್ದಿತು. ಹೂವಿನ ಮೇಲಿನ ಅಂಟುರಾಳದ ಸೂಕ್ಷ್ಮ ಗ್ರಂಥಿಗಳಿಂದ ಬರುವ ವಾಸನೆ ಅದು. ಬೇಲಿ, ಬೀಗ ಯಾವುದಕ್ಕೂ ಜಗ್ಗದು. ನಾವು ಇಂಗಿನ ಒಗ್ಗರಣೆ ಹಾಕಿದಾಗ ಸರಸರ ಕಿಟಕಿ ಮುಚ್ಚುತ್ತಿದ್ದ ಬೀದಿ ಇದು. ಈಗ ಅದೇ ಬೀದಿ, ತನ್ನದೇ ಅಂಚೆಯಜ್ಜನ ವಾಸನೆಗೆ ಏನು ಮಾಡಬೇಕೆಂದು ತಿಳಿಯದೆ, ಕಿಟಕಿಯನ್ನು ಅರ್ಧ ತೆರೆದುಕೊಂಡು ಕೂತಿತು. ನಾವು ಆ ವಾರ ಧೈರ್ಯವಾಗಿ ಇಂಗು ಹಾಕಿದೆವು.

ಕೊಯ್ಲಿನ ಹೊತ್ತು ತಿಳಿಯಲು ಆ ಗ್ರಂಥಿಗಳನ್ನು ಭೂತಗನ್ನಡಿಯಲ್ಲಿ ನೋಡಬೇಕು. ಮೊದಲು ಗಾಜಿನಂತಿದ್ದದ್ದು ಹಾಲುಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಜೇನುಬಣ್ಣ ಕಂಡರೆ ಬಲಿತಿತು ಎಂದರ್ಥ. ಅಜ್ಜ ಅಂಚೆಚೀಟಿ ನೋಡುವ ತಮ್ಮ ಹಳೆಯ ಗಾಜನ್ನು ತಂದರು. ಹೂವು ದಟ್ಟವಾದಷ್ಟೂ ಅಕ್ಟೋಬರಿನ ಜಿಟಿಜಿಟಿ ಮಳೆಗೆ ಒಳಗಿಂದ ಬೂದುಬಣ್ಣದ ಬೂಸ್ಟು ಹಿಡಿಯುತ್ತದೆ. ದ್ರಾಕ್ಷಿ, ಸ್ಟ್ರಾಬೆರಿಗಳನ್ನು ಕೊಳೆಸುವುದೂ ಇದೇ ಬೂಸ್ಟು. ಹೂವಾದ ಮೇಲೆ ಬೇವಿನೆಣ್ಣೆಯನ್ನೂ ಸಿಂಪಡಿಸುವಂತಿಲ್ಲ. ಆದ್ದರಿಂದ ಬೆಳೆಗಾರ ಬಲಿಯುವಿಕೆಗೂ ಮಳೆಗೂ ನಡುವೆ ದಿನ ಎಣಿಸುತ್ತ ಕೂರುತ್ತಾನೆ. ನಮ್ಮ ಕಡೆ ರಾಶಿಯ ಕಾಲಕ್ಕೆ ಮೋಡ ನೋಡುವ ರೈತನ ಮುಖವನ್ನು ನಾನು ಆ ಬೇಲಿಯಾಚೆ ಕಂಡೆ.

ಕೊಯ್ದು, ಕತ್ತಲ ಕೋಣೆಯಲ್ಲಿ ತಲೆಕೆಳಗಾಗಿ ನೇತುಹಾಕಿ ಒಣಗಿಸಿದ್ದೂ ಆಯಿತು. ಆಗ ಬಂದದ್ದು ತೂಕದ ಪ್ರಶ್ನೆ. ಅಜ್ಜ ಕಾಗದ ತೂಗುವ ತಕ್ಕಡಿ ತೆಗೆದರು. ಜರ್ಮನ್ ಅಂಚೆಯಲ್ಲಿ ಸಾದಾ ಪತ್ರ 20 ಗ್ರಾಂವರೆಗೆ, ಅದರ ಮೇಲಿನ ದರ್ಜೆ 50 ಗ್ರಾಂವರೆಗೆ. ಕಾನೂನು ಅಂಚೆಯವರನ್ನು ಕೇಳಿಯೇ ಮಿತಿ ಇಟ್ಟಂತಿತ್ತು. ಆದರೆ ಬಿಸಿಲಲ್ಲಿ ಚೆನ್ನಾಗಿ ಬೆಳೆದ ಒಂದೇ ಗಿಡ 50 ಗ್ರಾಂ ಸುಲಭವಾಗಿ ದಾಟುತ್ತದೆ. ಅಜ್ಜನದು ಎರಡು ಗಿಡ, ಎರಡೂ ಹುಲುಸು. ಈ ಕಾನೂನಿನ ಪ್ರಕಾರ ಕೈಗುಣವಿಲ್ಲದವನೇ ಆದರ್ಶ ನಾಗರಿಕ. ಬಸವನಹುಳುವಿಗೆ ಎರಡು ಗಿಡ ಬಿಟ್ಟುಕೊಟ್ಟು, ಮೂರನೆಯದಕ್ಕೆ ಬೂಸ್ಟು ಹಿಡಿಸಿಕೊಂಡವನಿಗೆ ಯಾವ ಭಯವೂ ಇಲ್ಲ.

ಹೆಚ್ಚಾದದ್ದನ್ನು ಏನು ಮಾಡುವುದು? ಆಮೇಲೆ ಹೇಳುತ್ತೇನೆಂದ ಕಲಮು ಬರುವುದು ಇಲ್ಲಿ. ಮನೆಯಲ್ಲಿ ಬೆಳೆದ ಗಾಂಜಾವನ್ನು ಮಾರುವಂತಿಲ್ಲ. ಪುಕ್ಕಟೆಯಾಗಿ ಯಾರಿಗೂ ಕೊಡುವಂತೆಯೂ ಇಲ್ಲ. ಅಜ್ಜ ತಕ್ಕಡಿಯ ಮುಳ್ಳು 50ಕ್ಕೆ ನಿಂತಾಗ ಕೈತಡೆದು, ಉಳಿದ ರಾಶಿಯನ್ನೆಲ್ಲ ಗೊಬ್ಬರದ ಗುಂಡಿಗೆ ಸುರಿದು, ಸಲಿಕೆಯಿಂದ ತಿರುವಿಹಾಕಿದರು. ಗೀಟುಪುಸ್ತಕದಲ್ಲಿ ಅದನ್ನೂ ಬರೆದರು.

ಅವ್ವನಿಗೆ ಇದು ಸಹನವಾಗಲಿಲ್ಲ. ಅವಳಿಗೆ ಆ ಮಾಲು ಬೇಕಿರಲಿಲ್ಲ. ಅದನ್ನು ಸೇದುವವರ ಮೇಲೆ ಅವಳಿಗೆ ಅಷ್ಟೇನೂ ಗೌರವವಿಲ್ಲ. "ಬೆಳದದ್ದನ್ನ ತಿಪ್ಪಿಗೆ ಹಾಕೂದಂದ್ರ ಏನೋ? ಮತ್ತ್ಯಾಕ ಬೆಳೀಬೇಕು?" ಎಂಬುದಷ್ಟೇ ಅವಳ ತಕರಾರು. ನಾನು ಕಾನೂನಿನ ಕಾರಣ ಹೇಳಿದೆ: ಕೊಡುವುದಕ್ಕೆ ಬಿಟ್ಟರೆ ಅದರ ಮರೆಯಲ್ಲಿ ಮಾರಾಟ ನಡೆಯುತ್ತದೆ, ಹುಡುಗರ ಕೈಗೆ ಹೋಗುತ್ತದೆ. ಅವಳು ಒಪ್ಪಿದಳು. ಒಪ್ಪಿದ ಮೇಲೂ ಅವಳ ಪ್ರಶ್ನೆ ಅಲ್ಲೇ ಉಳಿಯಿತು.

ನನಗೂ ಉಳಿದಿದೆ. ಹಿತ್ತಿಲ ಬೆಳೆಯ ಅರ್ಧ ಸುಖ ಕೊಡುವುದರಲ್ಲಿದೆ. ನುಗ್ಗೆ ಕಾಯಿಬಿಟ್ಟ ಮನೆ ಓಣಿಗೆಲ್ಲ ಗೊತ್ತಿರುತ್ತದೆ. ಅಂಚೆಯಜ್ಜನಿಗೂ ಈ ಸುಖ ಗೊತ್ತು: ಅವರ ಜುಕಿನಿ ಬೇಸಿಗೆಯಿಡೀ ನಮ್ಮ ಮೆಟ್ಟಿಲ ಮೇಲೆ ಬಂದು ಕೂರುತ್ತದೆ, ನಮ್ಮ ಹೀರೇಕಾಯಿ ಅವರ ಮೆಟ್ಟಿಲಿಗೆ ಹೋಗುತ್ತದೆ. ಅವರು ಬೆಳೆದ ಬೆಳೆಗಳಲ್ಲೆಲ್ಲ ಆರೋಗ್ಯವಾಗಿ, ಸೊಗಸಾಗಿ ಬಂದದ್ದು ಆ ಎರಡು ಗಿಡ. ಅದರಲ್ಲಿ ಒಂದು ಎಲೆಯನ್ನೂ ಅವರು ಬೇಲಿಯಾಚೆ ಚಾಚುವಂತಿರಲಿಲ್ಲ. ಮರುವರ್ಷ ಅವರು ಬೀಗ ತೆಗೆದರು. ಟೊಮ್ಯಾಟೊಗಳಿಗೆ ಬಿಡುಗಡೆಯಾಯಿತು. ಜಾಲರಿಯ ಮೇಲೆ ಈಗ ಅವ್ವ ಕೊಟ್ಟುಹೋದ ಬೀಜದ ಹೀರೇಬಳ್ಳಿ ಹಬ್ಬಿದೆ.

ಇದನ್ನೋದಿ ಊರಲ್ಲಿ ಯಾರಿಗಾದರೂ ಭಂಗಿಯ ಆಸೆ ಚಿಗುರಿದರೆ ಒಂದು ಮಾತು. ನಮ್ಮ ದೇಶದಲ್ಲಿ 1985ರ ಮಾದಕವಸ್ತು ಕಾಯ್ದೆಯ 20ನೇ ಕಲಮಿನ ಪ್ರಕಾರ ಈ ಗಿಡ ಬೆಳೆಸಿದವರಿಗೆ 10 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಹೀರೇಕಾಯಿಗೆ ಅಂಥ ಕಲಮಿಲ್ಲ. ಬಿಸಿಲು, ಸಡಿಲ ಮಣ್ಣು, ಹದ ನೀರು ಅದಕ್ಕೂ ಸಾಕು. ಹುಳವೂ ಬೂಸ್ಟೂ ಅದಕ್ಕೂ ಬರುತ್ತವೆ, ಆ ಚಿಂತೆಯ ಸುಖವೇನೂ ತಪ್ಪುವುದಿಲ್ಲ. ಹೀರೇಕಾಯಿ ಹಾಕಿ. ಹೆಚ್ಚಾದದ್ದನ್ನು ಪಕ್ಕದ ಮನೆಗೆ ಕೊಡಿ. ಬೇಡ ಎಂದರೂ ಕೊಡಿ.