ಹಾಸ್ಟೆಲ್ ನಿದ್ರಾಮೀಮಾಂಸೆ

ಗ್ರಂಥಾರಂಭದಲ್ಲಿ ವಿಘ್ನೇಶ್ವರನನ್ನು ನೆನೆಯುವುದು ವಾಡಿಕೆ. ವಿಷಯದ ಗಾಂಭೀರ್ಯ ನೋಡಿ ನಾವು ಕುಂಭಕರ್ಣನನ್ನು ನೆನೆಯುತ್ತೇವೆ. ಆರು ತಿಂಗಳು ಮಲಗಿ ಒಂದು ದಿನ ಏಳುವ ಅವನ ಪದ್ಧತಿಯೇ ಇವತ್ತಿನ ಸೆಮಿಸ್ಟರ್ ಪದ್ಧತಿ ಎಂಬುದನ್ನು ಯಾವ ಶಿಕ್ಷಣ ಆಯೋಗವೂ ಗುರುತಿಸಿದಂತಿಲ್ಲ.

ಮೊದಲು ಪೂರ್ವಪಕ್ಷ. ವಿದ್ಯಾರ್ಥಿಯ ಐದು ಲಕ್ಷಣಗಳಲ್ಲಿ ಶ್ವಾನನಿದ್ರೆಯೂ ಒಂದು ಎಂದು ಹಳಬರು ಹೇಳಿಟ್ಟಿದ್ದಾರೆ. ಹಾಗೆ ಹೇಳಿದವರು ನಮ್ಮ ಮೆಸ್ಸಿನ ನಾಯಿಯನ್ನು ಕಂಡವರಲ್ಲ. ಉಪ್ಪಿಟ್ಟಿನ ದಿನ ತಟ್ಟೆ ಬಿದ್ದು ಉರುಳಿದರೂ ಅದು ಕಿವಿ ಅಲ್ಲಾಡಿಸುವುದಿಲ್ಲ. ಮಸಾಲೆದೋಸೆಯ ಭಾನುವಾರ ಮಾತ್ರ ಆರೂವರೆಗೇ ಬಾಗಿಲಲ್ಲಿ ಹಾಜರು. ಆ ಮಟ್ಟಿಗೆ ಅದೂ ವಿದ್ಯಾರ್ಥಿಯೇ, ಹಳಬರ ಮಾತೂ ಸುಳ್ಳಲ್ಲ.

ಈಗ ಸಿದ್ಧಾಂತ. ಶಕ್ತಿಯನ್ನು ಸೃಷ್ಟಿಸಲಾಗದು, ನಾಶಮಾಡಲಾಗದು ಎಂದು ಪಿಯುಸಿಯಲ್ಲಿ ಉರುಹೊಡೆದಿದ್ದೇವೆ. ನಿದ್ದೆಯೂ ಹಾಗೆಯೇ. ರಾತ್ರಿ ಮಂಚದ ಮೇಲೆ ಖರ್ಚಾಗದ ನಿದ್ದೆ ಎಲ್ಲಿಗೂ ಹೋಗುವುದಿಲ್ಲ. ಬೆಳಿಗ್ಗೆ ಬ್ಯಾಗಿನೊಳಗೆ ಕೂತು ಕ್ಲಾಸಿಗೆ ಬರುತ್ತದೆ. ಹಾಜರಾತಿಗೆ 75 ಪ್ರತಿಶತ ಕಡ್ಡಾಯವಿರುವುದರಿಂದ ಅದಕ್ಕೆ ಬೇರೆ ದಾರಿಯೂ ಇಲ್ಲ.

ಇದಕ್ಕೆ ಲಿಖಿತ ದಾಖಲೆ ನನ್ನದೇ ಎಂ.ಎ. ನೋಟ್‌ಬುಕ್. 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಮಲಗಿದವರ ಕಣ್ಣಿನ ಪಕ್ಕ ತಂತಿ ಅಂಟಿಸಿ, ನಿದ್ದೆಯಲ್ಲಿ ಕಣ್ಣುಗುಡ್ಡೆ ಸರಸರ ಓಡಾಡುವುದನ್ನು ಕಾಗದದ ಮೇಲೆ ಇಳಿಸಿ ಜಗತ್ತಿಗೆ ತೋರಿಸಿದರು. ನಮಗೆ ತಂತಿಯ ಗೊಡವೆ ಇರಲಿಲ್ಲ, ಬಾಲ್‌ಪೆನ್ನು ಸಾಕಾಯಿತು. ಮಧ್ಯಾಹ್ನ ಎರಡೂಕಾಲು, ಅನ್ನ ಸಾರಿನ ನಂತರದ ಪೀರಿಯಡ್ಡು. ಮೇಷ್ಟ್ರು ಹಳದಿ ತಿರುಗಿದ ಟಿಪ್ಪಣಿ ಹಿಡಿದು ಕಾಮಾ, ಫುಲ್‌ಸ್ಟಾಪು ಸಮೇತ ಡಿಕ್ಟೇಟ್ ಮಾಡುತ್ತಿದ್ದಾರೆ. ನನ್ನ ಪುಟದಲ್ಲಿ ‘ಅಮೋಘವರ್ಷ ನೃಪತುಂಗನು 814ರಲ್ಲಿ ಪಟ್ಟವೇರಿ’ ಎಂಬುದು ದುಂಡಗಿದೆ. ಮುಂದಿನ ‘ರಾಷ್ಟ್ರಕೂಟ’ದಲ್ಲಿ ಒತ್ತಕ್ಷರ ಜಾರಿದೆ. ‘ಆಡಳಿತ ವ್ಯವ’ ಬಂದಿದೆ, ‘ಸ್ಥೆ’ ಬಂದಿಲ್ಲ. ಅಲ್ಲಿಂದ ಒಂದು ಗೆರೆ ಹೊರಟು, ನಾಲ್ಕು ಸಾಲು ದಾಟಿ, ಮಾರ್ಜಿನ್ ಕೆಂಪುಗೆರೆಯನ್ನೂ ಹಾದು, ಪುಟದ ಅಂಚಿನಲ್ಲಿ ಕೆಳಕ್ಕೆ ಧುಮುಕಿದೆ. ಮತ್ತೆ ಅಕ್ಷರ ಕಾಣಿಸುವುದು ‘878ರಲ್ಲಿ’ ಎಂಬಲ್ಲಿ. ನೃಪತುಂಗ 64 ವರ್ಷ ರಾಜ್ಯವಾಳಿದ. ಅಷ್ಟನ್ನೂ ನಾನು ಒಂದೇ ಮಗ್ಗುಲಲ್ಲಿ ಕಳೆದೆ.

ಪಕ್ಕದವನು ಮೊಣಕೈಯಲ್ಲಿ ತಿವಿದು, “ಲೋ, ಗೊರಕೆ ಮಾತ್ರ ಬೇಡ ಮಾರಾಯ, ನಂಗೆ ಎಚ್ಚರ ಆಗತ್ತೆ” ಅಂದ.

ಇದಕ್ಕೆ ಹುಡುಗರನ್ನಷ್ಟೇ ದೂರುವುದು ಶಾಸ್ತ್ರಸಮ್ಮತವಲ್ಲ. ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟವರು ಯಾರು? ಅದೇ ಕ್ಲೈಟ್‌ಮನ್ 1938ರಲ್ಲಿ ಶಿಷ್ಯ ರಿಚರ್ಡ್‌ಸನ್‌ನನ್ನು ಕರೆದುಕೊಂಡು ಕೆಂಟಕಿಯ ಮ್ಯಾಮತ್ ಗುಹೆಗಿಳಿದು, 32 ದಿನ ಬಿಸಿಲು ಕಾಣದೆ, 28 ತಾಸಿನ ‘ದಿನ’ಕ್ಕೆ ದೇಹ ಒಗ್ಗುತ್ತದೆಯೇ ಎಂದು ನೋಡಿದ. ಶಿಷ್ಯನಿಗೆ ಒಗ್ಗಿತು, ಗುರುವಿಗೆ ಒಗ್ಗಲಿಲ್ಲ. ಟೈಮ್‌ಟೇಬಲ್ ಹಾಕುವವರು ಗುರುಗಳೇ ಆದ್ದರಿಂದ ಎಂಟು ಗಂಟೆಯ ಕ್ಲಾಸು ಇವತ್ತಿಗೂ ಎಂಟಕ್ಕೇ ಇದೆ.

ಇನ್ನು ಪರೀಕ್ಷೆಯ ಹಿಂದಿನ ರಾತ್ರಿ. ಆ ರಾತ್ರಿ ಕಾರಿಡಾರ್ ಎಂದರೆ ಸಂತೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ, ಆದರೆ ಇಲ್ಲಿ ಚಿಂತೆ ಇಲ್ಲದವನೇ ಇಲ್ಲ. ಕಾಫಿಯ ಕಸುವು ಅರ್ಧಕ್ಕಿಳಿಯಲು ಹೆಚ್ಚುಕಡಿಮೆ ಐದು ತಾಸು ಬೇಕು. ಹನ್ನೆರಡಕ್ಕೆ ಕುಡಿದದ್ದರಲ್ಲಿ ಅರ್ಧ ಬೆಳಗಿನ ಐದಕ್ಕೂ ಒಳಗೆ ಎದ್ದು ಕೂತಿರುತ್ತದೆ. ಹತ್ತಕ್ಕೆ ಪೇಪರ್ ಕೊಡುವ ಹೊತ್ತಿಗೆ ಕಾಲುಭಾಗ ಉಳಿದಿರುತ್ತದೆ. ವಿದ್ಯಾರ್ಥಿಯೂ ಸುಮಾರು ಅಷ್ಟೇ ಉಳಿದಿರುತ್ತಾನೆ.

ತಮಾಷೆಯೆಂದರೆ ಉತ್ತರ ನೂರು ವರ್ಷದಿಂದ ಬಯಲಾಗಿಯೇ ಇದೆ. 1924ರಲ್ಲಿ ಕಾರ್ನೆಲ್‌ನ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿದರು. (ಈ ವಿದ್ಯೆಯನ್ನು ನಮ್ಮಲ್ಲಿ ಗೆಸ್ ಪೇಪರ್ ಎನ್ನುತ್ತಾರೆ.) ಕಲಿತು ಮಲಗಿದಾಗ ನೆನಪುಳಿದದ್ದು ಹೆಚ್ಚು, ಕಲಿತು ಎದ್ದಿದ್ದಾಗ ಉಳಿದದ್ದು ಕಡಿಮೆ. ಪತಂಜಲಿಯೂ ಚಿತ್ತದ ಐದು ವೃತ್ತಿಗಳನ್ನು ಎಣಿಸುವಾಗ ನಿದ್ರೆಯನ್ನೂ ಸ್ಮೃತಿಯನ್ನೂ ಅಕ್ಕಪಕ್ಕದಲ್ಲೇ ಕೂರಿಸಿದ. ಇದನ್ನು ನಾನು ಓದಿದ್ದು ಮೂರನೇ ಪೇಪರಿನ ಹಿಂದಿನ ರಾತ್ರಿ ಮೂರು ಗಂಟೆಗೆ. ಬೆಳಿಗ್ಗೆ ನೆನಪಿರಲಿಲ್ಲ.

ವಾರ್ಡನ್ ಸಾಹೇಬರು ತಮ್ಮ ಪಾಲಿನ ಪರಿಹಾರವನ್ನೂ ಪ್ರಯೋಗಿಸಿದರು, ಹನ್ನೊಂದಕ್ಕೆ ಮೇನ್ ಸ್ವಿಚ್ ಆಫ್. ಇಡೀ ಹಾಸ್ಟೆಲ್ಲು ಚಾಪೆ ಹೊತ್ತು ರಸ್ತೆಯ ದೀಪದ ಕೆಳಗೆ ಬಂತು. ವಿಶ್ವೇಶ್ವರಯ್ಯನವರು ಬೀದಿದೀಪದಲ್ಲಿ ಓದಿದರೆಂದು ಪ್ರತಿ ವರ್ಷ ಭಾಷಣ ಮಾಡುವವರು ಅವರೇ ಆದ್ದರಿಂದ ಏನೂ ಅನ್ನುವಂತಿರಲಿಲ್ಲ.

ಓದುಗರಲ್ಲಿ ಒಂದು ವಿನಂತಿ. ಇದನ್ನು ಈಗ ಹಾಸ್ಟೆಲ್ ರೂಮಿನಲ್ಲಿ, ರಾತ್ರಿ ಎರಡರ ಮೇಲೆ ಓದುತ್ತಿದ್ದರೆ ದಯವಿಟ್ಟು ಲೈಟ್ ಆರಿಸಿ. ಆಚೆ ಮಂಚದವನಿಗೆ ನಾಳೆ ಪೇಪರಿದೆ.