ಗ್ರಾಂ ರಾಯರು

ಬೆಳಗ್ಗೆ ಆರೂವರೆಗೆ ನಮ್ಮ ಊರುಗಳ ಯಾವ ಪಾರ್ಕಿಗೆ ಹೋದರೂ ಇವರು ಸಿಗುತ್ತಾರೆ. ಕಾಲಿಗೆ ಮಗಳು ಕೊಡಿಸಿದ ದುಬಾರಿ ಶೂ, ಮೈಮೇಲೆ ಆಫೀಸಿನ ಕಾಲದ ತುಂಬುತೋಳಿನ ಶರಟು, ಧನುರ್ಮಾಸವಾದರೆ ತಲೆಗೊಂದು ಮಂಕಿ ಕ್ಯಾಪು. ಮೈಸೂರಿನವರಾದರೆ ಕುಕ್ಕರಹಳ್ಳಿ ಕೆರೆಯ ಏರಿ, ಹುಬ್ಬಳ್ಳಿಯವರಾದರೆ ಉಣಕಲ್ ಕೆರೆಯ ದಂಡೆ. ನಾವು ಬಸವನಗುಡಿಯವರನ್ನೇ ಹಿಡಿದುಕೊಳ್ಳೋಣ; ಇವರ ಪಾಲಿಗೆ ಲಾಲ್‌ಬಾಗಿದೆ. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ತಂದೆತಾಯಿ ಇಟ್ಟ ಹೆಸರು ಏನೇ ಇರಲಿ, ವಾಕಿಂಗ್ ಗೆಳೆಯರು ಇಟ್ಟದ್ದು ಗ್ರಾಂ ರಾಯರು.

ಕಾರಣ ಇಷ್ಟೇ. ಊರು ಕಿಲೋದಲ್ಲಿ ಕೇಳುತ್ತದೆ, ರಾಯರು ಗ್ರಾಂನಲ್ಲಿ ಉತ್ತರ ಹೇಳುತ್ತಾರೆ.

"ಈ ತಿಂಗಳು ಎಷ್ಟಿಳಿದ್ರಿ ರಾಯರೇ?"

"ಇನ್ನೂರ ಇಪ್ಪತ್ತೈದು."

"ಏನು ಇನ್ನೂರ ಇಪ್ಪತ್ತೈದು?"

"ಗ್ರಾಂ."

ಕೇಳಿದವರು ನಗು ನುಂಗಿಕೊಂಡು ಮುಂದೆ ಹೋಗುತ್ತಾರೆ. ರಾಯರಿಗೆ ಬೇಸರವಿಲ್ಲ. ಹೀಗೆ ಗ್ರಾಂಗೆ ಗ್ರಾಂ ಸೇರಿ ಮೂರು ವರ್ಷದಲ್ಲಿ ಎಂಟು ಕಿಲೋ ಹೋಗಿದೆ. ಸಾಫ್ಟ್‌ವೇರ್ ಕಂಪನಿಯಲ್ಲಿರುವ ಮಗಳು ಲೆಕ್ಕ ಹಾಕಿ ಹೇಳಿದ್ದಾಳೆ: "ಅಪ್ಪ, ದಿನಕ್ಕೆ ಏಳು ಗ್ರಾಂ. ನೀನು ಕಾಫಿಗೆ ಹಾಕಿಕೊಳ್ಳೋ ಸಕ್ಕರೆನೇ ಅದಕ್ಕಿಂತ ಜಾಸ್ತಿ ಇತ್ತು." ಇದೇ ವೇಗದಲ್ಲಿ ಹೋದರೆ ಡಾಕ್ಟರು ಹೇಳಿದ 65 ಕಿಲೋ ಮುಟ್ಟಲು ಇನ್ನೂ ಐದು ವರ್ಷ ಬೇಕೆಂದೂ ಹೇಳಿದಳು. ರಾಯರು ಕೈಬೆರಳು ಮಡಚಿ ನೋಡಿ, "ಪರವಾಗಿಲ್ಲ, ಮನೆ ಸಾಲಕ್ಕೆ ಇಪ್ಪತ್ತು ವರ್ಷ ಕಟ್ಟಿಲ್ವೇನಮ್ಮ" ಎಂದರು.

ಈ ಮಾತಿನಲ್ಲಿ ರಾಯರ ಇಡೀ ಸ್ವಭಾವವೇ ಇದೆ. ಮನೆ ಸಾಲದ ಮೊದಲ ವರ್ಷಗಳಲ್ಲಿ ಕಟ್ಟುವ ಕಂತಿನ ದೊಡ್ಡ ಪಾಲು ಬಡ್ಡಿಗೇ ಹೋಗುತ್ತದೆ, ಅಸಲು ಅಲ್ಲಾಡುವುದೇ ಇಲ್ಲ. ಸ್ಟೇಟ್‌ಮೆಂಟ್ ಹಿಡಿದುಕೊಂಡು ಬಂದು ಕೌಂಟರಿನ ಮುಂದೆ ಕಣ್ಣೀರು ಹಾಕಿದವರನ್ನು ಮೂವತ್ತೈದು ವರ್ಷ ಸಮಾಧಾನ ಮಾಡಿ ಕಳಿಸಿದ ಮನುಷ್ಯ ಅವರು. ತಮ್ಮ ಹೊಟ್ಟೆಯ ಅಸಲು ಅಲ್ಲಾಡದಿದ್ದಾಗ ತಮಗೆ ತಾವೇ ಅದೇ ಸಮಾಧಾನ ಹೇಳಿಕೊಂಡರು.

ಶುರುವಾದದ್ದು ನಿವೃತ್ತಿಯ ಮರುವರ್ಷ. ಎತ್ತರ 168 ಸೆಂಟಿಮೀಟರ್, ತೂಕ 86.4 ಕಿಲೋ, ಎತ್ತರಕ್ಕೆ ತಕ್ಕ ತೂಕ ಅಳೆಯುವ ಬಿಎಂಐ ಮೂವತ್ತರ ಮೇಲೆ. ರಾಯರು ಚೌಕಾಸಿಗೆ ಇಳಿದರು: ಇಪ್ಪತ್ತೈದಕ್ಕೆ ತಂದರೆ ಸಾಕಲ್ಲವೇ? ಡಾಕ್ಟರು ಒಪ್ಪಲಿಲ್ಲ. ಭಾರತೀಯರಿಗೆ 23 ದಾಟಿದರೇ ಹೆಚ್ಚಿನ ತೂಕ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಬಾರದು. ನಮ್ಮವರ ಕೊಬ್ಬು ಹೊಟ್ಟೆಯಲ್ಲೇ ಠಿಕಾಣಿ ಹೂಡುವುದರಿಂದ ಸಕ್ಕರೆ ಕಾಯಿಲೆ ಕಡಿಮೆ ತೂಕಕ್ಕೇ ಬಂದು ಹಿಡಿಯುತ್ತದೆ. "ಇದರಲ್ಲೂ ನಮಗೇ ಬಿಗಿ ನಿಯಮವಾ ಸಾರ್?" ಎಂದು ಕೇಳಿ ರಾಯರು ಹೊರಬಂದರು. ಆದರೆ ಬಿಎಂಐ ಸೂತ್ರವನ್ನು 1830ರ ದಶಕದಲ್ಲಿ ಕಟ್ಟಿದ ಬೆಲ್ಜಿಯಂನ ಕ್ವೆಟ್ಲೆ ವೈದ್ಯನಲ್ಲ, ಸಂಖ್ಯಾಶಾಸ್ತ್ರದವನು ಎಂದು ತಿಳಿದ ಮೇಲೆ ಅದರ ಮೇಲೆ ವಿಶ್ವಾಸ ಕುದುರಿತು. ಲೆಕ್ಕದವರು ಸುಳ್ಳು ಹೇಳುವುದಿಲ್ಲ ಎಂಬುದು ರಾಯರ ನಂಬಿಕೆ. ಬ್ಯಾಂಕಿನಲ್ಲಿದ್ದೂ ಇದನ್ನು ಹೇಗೆ ನಂಬಿದರೋ!

ಮೊದಲ ತಿಂಗಳು ಮೂರು ಕಿಲೋ ಇಳಿಯಿತು. ಆ ತಿಂಗಳು ರಾಯರನ್ನು ಯಾರಿಂದಲೂ ತಡೆದುಕೊಳ್ಳಲಾಗಲಿಲ್ಲ. ಮದುವೆ ಮನೆಯಲ್ಲಿ ಸಿಕ್ಕವರಿಗೆಲ್ಲ ಅನ್ನ ಬಿಡುವ ಉಪದೇಶ. ಮೊದಮೊದಲು ಹೋಗುವುದರಲ್ಲಿ ನೀರೇ ಹೆಚ್ಚು ಎಂಬುದು ಅವರಿಗೆ ಆಗ ತಿಳಿದಿರಲಿಲ್ಲ. ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್ ಪ್ರತಿ ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ; ಊಟ ಕಡಿಮೆಯಾದೊಡನೆ ಗ್ಲೈಕೋಜನ್ ಕರಗುತ್ತದೆ, ನೀರು ಹೊರಡುತ್ತದೆ. ಒಂದು ಹೋಳಿಗೆ ಊಟಕ್ಕೆ ಎರಡೂ ಜೋಡಿಯಾಗಿ ಮರಳುತ್ತವೆ. ಯುಗಾದಿ ಕಳೆದ ಮೇಲೆ ಮರಳಿದವು ಕೂಡ.

ಆಮೇಲೆ ಬಂತು ನಿಲುಗಡೆ. ಅದೇ ನಡಿಗೆ, ಅದೇ ಎರಡು ಚಪಾತಿ, ಅದೇ ಅಂಕಿ. ವಾರಗಟ್ಟಲೆ. ಇಂಥಲ್ಲಿಯೇ ನೂರಕ್ಕೆ ತೊಂಬತ್ತು ಮಂದಿ ವಾಕಿಂಗ್ ಶೂವನ್ನು ಅಟ್ಟಕ್ಕೆ ಏರಿಸುವುದು. ಇದು ನನ್ನ ಅಂದಾಜು, ಯಾರೂ ಎಣಿಸಿದ್ದಲ್ಲ. ದೇಹದ ಲೆಕ್ಕವನ್ನು ನಿಜವಾಗಿ ಎಣಿಸಿದವರು ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು. ತೂಕ ಒಂದು ಕಿಲೋ ಇಳಿದರೆ ದೇಹ ದಿನಕ್ಕೆ ಇಪ್ಪತ್ತು ಮೂವತ್ತು ಕ್ಯಾಲೊರಿ ಖರ್ಚು ಕಡಿತ ಮಾಡುತ್ತದಂತೆ; ಹಸಿವು ಮಾತ್ರ ಸುಮಾರು ನೂರು ಕ್ಯಾಲೊರಿಯಷ್ಟು ಏರುತ್ತದಂತೆ. ಡಾಕ್ಟರು ಇದನ್ನು ವಿವರಿಸಿದಾಗ ರಾಯರ ಮುಖ ಅರಳಿತು. ತಪ್ಪು ತಮ್ಮದಲ್ಲ, ಒಳಗಿನ ಮ್ಯಾನೇಜರ್ ತಮಗಿಂತ ಜಿಪುಣ ಎಂದು ಗೊತ್ತಾಯಿತಲ್ಲ!

ತೂಕ ನೋಡುವ ವಿಧಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ದಿನ ಶನಿವಾರ. ಹೊತ್ತು ಕಾಫಿಗೆ ಮುಂಚೆ, ಶೌಚಕ್ಕೆ ಹೋಗಿ ಬಂದ ಮೇಲೆ. ಸ್ಥಳ ನಡುಮನೆಯಲ್ಲಿ ಕಿಟಕಿಯಿಂದ ಎರಡನೆಯ ಟೈಲು. ಮೊದಲನೆಯದು ಓಲಾಡುತ್ತದೆ, ಅದರ ಮೇಲೆ ನಿಂತರೆ ನೂರು ಗ್ರಾಂ ಹೆಚ್ಚು ತೋರಿಸುತ್ತದೆ ಎಂಬುದು ರಾಯರ ಆರೋಪ. ವಾಚು, ಉಂಗುರ, ಕೊನೆಗೆ ಕನ್ನಡಕ ತೆಗೆದಿಡುತ್ತಾರೆ. ಕನ್ನಡಕ ತೆಗೆದ ಮೇಲೆ ಅಂಕಿ ಕಾಣುವುದಿಲ್ಲ. ಆಗ ಹೆಂಡತಿಯನ್ನು ಕರೆಯಬೇಕು.

"ಎಪ್ಪತ್ತೆಂಟು ಪಾಯಿಂಟ್ ಆರು ರೀ."

"ಕೊನೇದು ಆರೋ ಐದೋ, ಸರಿಯಾಗಿ ನೋಡೇ."

"ಆರೇ. ಒಲೆ ಮೇಲೆ ಹಾಲಿಟ್ಟಿದೀನಿ, ಬಿಡ್ತೀರಾ?"

ನಾಲ್ಕು ಶನಿವಾರದ ಸರಾಸರಿ ತೆಗೆದು ಹಳೆಯ ಡೈರಿಯಲ್ಲಿ ಬರೆಯುತ್ತಾರೆ. ದಿನದಿಂದ ದಿನಕ್ಕೆ ತೂಕ ಒಂದು ಕಿಲೋದಷ್ಟು ಮೇಲೆ ಕೆಳಗೆ ಆಗುವುದು ಸಹಜ. ನಿನ್ನೆಯ ಉಪ್ಪಿನಕಾಯಿಯೂ ಅದರಲ್ಲಿ ಸೇರಿರುತ್ತದೆ. ನಗುವವರು ನಗಲಿ, ಈ ಹುಚ್ಚಿಗೆ ಆಧಾರವಿದೆ. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಪುಸ್ತಕ ನಡೆಯುತ್ತಿದೆ. ಹದಿಮೂರೂವರೆ ಕಿಲೋಗಿಂತ ಹೆಚ್ಚು ಇಳಿಸಿ, ಒಂದು ವರ್ಷವಾದರೂ ಹಾಗೇ ಉಳಿಸಿಕೊಂಡವರಿಗೆ ಮಾತ್ರ ಅದರಲ್ಲಿ ಜಾಗ. ಅವರಲ್ಲಿ ಮುಕ್ಕಾಲು ಪಾಲು ಮಂದಿ ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುವವರು. ಅವರು ಕನ್ನಡಕ ತೆಗೆದಿಡುತ್ತಾರೋ ಇಲ್ಲವೋ, ಅದು ದಾಖಲಾಗಿಲ್ಲ.

ಮಗಳು ಕೊಟ್ಟ ಕೈಗಡಿಯಾರ ಬೇರೆ ಇದೆ. ಹತ್ತು ಸಾವಿರ ಹೆಜ್ಜೆಯಾಗದೆ ಅದು ಸುಮ್ಮನಾಗುವುದಿಲ್ಲ. ಈ ಹತ್ತು ಸಾವಿರವನ್ನು ಯಾವ ವೈದ್ಯ ಪರಿಷತ್ತೂ ಕೂತು ತೀರ್ಮಾನಿಸಿದ್ದಲ್ಲ; 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಲ್ಲಿದ್ದ ಸಂಖ್ಯೆ ಅದು. ರಾತ್ರಿ ಹತ್ತಕ್ಕೆ ರಾಯರು ಊಟದ ಮೇಜಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರೆ ಇನ್ನೂ ಮುನ್ನೂರು ಬಾಕಿ ಎಂದು ಅರ್ಥ.

ಇನ್ನು ಲಾಲ್‌ಬಾಗಿನ ಸಂಕಟ: ಆಸುಪಾಸಿನ ಹೋಟೆಲುಗಳು. ತೋಟದ ಒಂದು ಮಗ್ಗುಲಿಗೆ 1924ರಲ್ಲಿ ಶುರುವಾದ ಎಂಟಿಆರ್, ಇನ್ನೊಂದು ಕಡೆ ಗಾಂಧಿ ಬಜಾರಿನಲ್ಲಿ 1943ರಿಂದ ವಿದ್ಯಾರ್ಥಿ ಭವನ. ಅದಕ್ಕೆ ಸೋಮವಾರ ರಜಾ, ಇದಕ್ಕೆ ಶುಕ್ರವಾರ. ಎರಡೂ ಒಂದೇ ದಿನ ಮುಚ್ಚುವುದಿಲ್ಲ ಎಂಬುದನ್ನು ರಾಯರು ನಿಟ್ಟುಸಿರಿನೊಂದಿಗೆ ಹೇಳುತ್ತಾರೆ. ಅವರ ತೂಕದವರು ಐದು ಕಿಲೋಮೀಟರ್ ನಡೆದರೆ ಕರಗುವುದು ಮುನ್ನೂರು ಕ್ಯಾಲೊರಿಯ ಒಳಗೆ. ತುಪ್ಪ ಹಾಕಿದ ಒಂದು ಮಸಾಲೆ ದೋಸೆ ಅದನ್ನು ಸಲೀಸಾಗಿ ದಾಟುತ್ತದೆ. ಗೆಳೆಯರ ಗುಂಪು ದೋಸೆಗೆ ತಿರುಗಿದಾಗ ರಾಯರು ಬಿಟ್ಟು ಹೋಗುವುದಿಲ್ಲ, ಜೊತೆಗೇ ಕೂರುತ್ತಾರೆ. ಬರೀ ಕಾಫಿ, ಅದೂ ಸಕ್ಕರೆಯಿಲ್ಲದ್ದು. ತಿಂಗಳಿಗೊಮ್ಮೆ ದೋಸೆ, ಪೂರ್ತಿಯಾಗಿ, ಯಾರಿಗೂ ಪಾಲು ಕೊಡದೆ.

ಬಸವನಗುಡಿಯ ಪಂಚಾಂಗವೇ ಅವರ ದೊಡ್ಡ ಶತ್ರು. ಗಣೇಶನ ಕಡುಬು, ದಸರಾ ಬೊಂಬೆ ಮನೆಗಳ ಚರ್ಪು, ದೀಪಾವಳಿ, ಕಾರ್ತಿಕದ ಕೊನೆಯ ಸೋಮವಾರ ಮನೆಬಾಗಿಲಿಗೇ ಬರುವ ಕಡಲೆಕಾಯಿ ಪರಿಷೆ, ಸಂಕ್ರಾಂತಿಯ ಸಕ್ಕರೆ ಅಚ್ಚು. ಭಾದ್ರಪದದಿಂದ ಸಂಕ್ರಾಂತಿಯವರೆಗೆ ಡೈರಿಯಲ್ಲಿ ರಾಯರು ಬರೆದಿಟ್ಟ ಗುರಿ ಒಂದೇ: 'ಏರಬಾರದು.' ಅಮೆರಿಕದಲ್ಲಿ 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ ವರ್ಷಾಂತ್ಯದ ಹಬ್ಬದ ವಾರಗಳಲ್ಲಿ ಜನರ ತೂಕ ಸರಾಸರಿ 370 ಗ್ರಾಂ ಏರುತ್ತದೆ, ಆಮೇಲೆ ಅದು ಇಳಿಯುವುದೂ ಇಲ್ಲ ಎಂದು ಕಂಡುಕೊಂಡಿತು. ರಾಯರಿಗೆ ಹಿಡಿಸಿದ್ದು ಆ ಘಟಕ. ದೊಡ್ಡ ವಿದ್ವಾಂಸರೂ ಗ್ರಾಂನಲ್ಲಿ ಮಾತಾಡುತ್ತಾರೆ!

ಹಬ್ಬಕ್ಕಿಂತ ಕಷ್ಟ ನೆಂಟರು. ಇಳಿಯದಿದ್ದರೆ "ಇನ್ನೂ ವಾಕಿಂಗ್ ಹೋಗ್ತಾ ಇದೀರಾ?" ಎಂಬ ಪ್ರಶ್ನೆ. ಇಳಿದರೆ ಸ್ವರ ತಗ್ಗುತ್ತದೆ, ಕೈ ಹಿಡಿದುಕೊಂಡು ಮೂಲೆಗೆ ಕರೆದೊಯ್ಯುತ್ತಾರೆ: "ಯಾಕೆ ಭಾವ, ಹೀಗೆ ಇಳಿದುಹೋಗಿದೀರಾ? ಶುಗರ್ರಾ?" ಸೋದರತ್ತೆಗಂತೂ ರಾಯರ ಮುಖ ಬತ್ತಿಹೋದಂತೆ ಕಾಣುತ್ತದೆ. ಬತ್ತಿದ ಮುಖಕ್ಕೆ ಅತ್ತೆಯ ಬಳಿ ಇರುವ ಮದ್ದು ಎರಡನೆಯ ಹೋಳಿಗೆ, ಮೇಲೊಂದು ಸೌಟು ತುಪ್ಪ. ಕಷ್ಟಪಟ್ಟು ಸಣ್ಣಗಾದ ಮನುಷ್ಯ ತನಗೆ ಕಾಯಿಲೆಯಿಲ್ಲ ಎಂದು ಎಲೆಯ ಮುಂದೆ ಕೂತು ಸಾಬೀತು ಮಾಡಬೇಕು.

ಪಾರ್ಕಿನಲ್ಲಿ ರಾಯರಿಗೆ ಒಬ್ಬ ಪ್ರತಿಸ್ಪರ್ಧಿಯೂ ಇದ್ದ. ಎರಡು ತಿಂಗಳಲ್ಲಿ ಹನ್ನೆರಡು ಕಿಲೋ ಇಳಿಸಿದವನು. ಬೆಳಗ್ಗೆ ಸೋರೆಕಾಯಿ ರಸ, ರಾತ್ರಿ ಬರೀ ಸೌತೆಕಾಯಿ. ಎಲ್ಲರೂ ರಾಯರನ್ನು ಬಿಟ್ಟು ಅವನ ಹಿಂದೆ ನಡೆದರು. ಮಳೆಗಾಲ ಮುಗಿಯುವಷ್ಟರಲ್ಲಿ ಅವನು ಪಾರ್ಕಿಗೆ ಬರುವುದೇ ನಿಂತಿತು. ಇಂಥವರ ಕಥೆಯನ್ನು ಟೀವಿಯಲ್ಲೇ ಆಡಿ ತೋರಿಸಿದ್ದುಂಟು. ಅಮೆರಿಕದ 'ದಿ ಬಿಗ್ಗೆಸ್ಟ್ ಲೂಸರ್' ಸ್ಪರ್ಧೆಯಲ್ಲಿ ಮೂವತ್ತು ವಾರದಲ್ಲಿ ಸರಾಸರಿ 58 ಕಿಲೋ ಇಳಿಸಿದ ಹದಿನಾಲ್ಕು ಮಂದಿಯನ್ನು ಆರು ವರ್ಷದ ನಂತರ ಪರೀಕ್ಷಿಸಿದರು. ವರದಿ 2016ರಲ್ಲಿ ಬಂತು. ಸರಾಸರಿ 41 ಕಿಲೋ ವಾಪಸ್. ಅವರ ದೇಹ ಸುಮ್ಮನೆ ಕೂತಾಗ ಖರ್ಚು ಮಾಡಬೇಕಾದದ್ದಕ್ಕಿಂತ ದಿನಕ್ಕೆ ಐನೂರು ಕ್ಯಾಲೊರಿಯಷ್ಟು ಕಡಿಮೆ ಖರ್ಚು ಮಾಡುತ್ತಿತ್ತು. 2025ರಲ್ಲಿ ತೂಕ ಇಳಿಸುವ ವಾರಕ್ಕೊಂದು ಚುಚ್ಚುಮದ್ದು ನಮ್ಮ ದೇಶಕ್ಕೂ ಬಂದು ಪಾರ್ಕಿನ ಬೆಂಚುಗಳಲ್ಲಿ ಅದರದೇ ಮಾತಾಯಿತು. ಕೆಲವರಿಗೆ ಅದು ನಿಜವಾಗಿ ಬೇಕಾದ ಔಷಧ. ಅಂಥ ಮದ್ದುಗಳಲ್ಲೊಂದಾದ ಸೆಮಾಗ್ಲುಟೈಡ್ ನಿಲ್ಲಿಸಿದವರಿಗೆ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಪಾಲು ಮರಳಿತು ಎಂದು ಕೇಳಿ ರಾಯರು ಹೇಳಿದ್ದು: "ಹಾಗಾದ್ರೆ ಅದು ಸ್ವಂತದ್ದಲ್ಲ, ಬಾಡಿಗೆ."

ರಾಯರ ಕುಲಪುರುಷನೊಬ್ಬ ಲಂಡನ್ನಿನಲ್ಲಿದ್ದ. ವಿಲಿಯಂ ಬ್ಯಾಂಟಿಂಗ್, ಶವಪೆಟ್ಟಿಗೆ ಮಾಡಿಸಿ ಅಂತ್ಯಕ್ರಿಯೆಯ ವ್ಯವಸ್ಥೆ ನೋಡುತ್ತಿದ್ದವನು. ಅರವತ್ತರ ಆಸುಪಾಸಿನಲ್ಲಿ ಬಗ್ಗಿ ಶೂ ಕಟ್ಟಿಕೊಳ್ಳಲಾಗದೆ, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುವ ಸ್ಥಿತಿಗೆ ಬಂದ. ವ್ಯಾಯಾಮಕ್ಕೆಂದು ದೋಣಿ ಹುಟ್ಟುಹಾಕಿದರೆ ಹಸಿವು ಇಮ್ಮಡಿಯಾಯಿತು. ಕೊನೆಗೆ ಕಿವಿಯ ಡಾಕ್ಟರೊಬ್ಬ ಸಕ್ಕರೆ, ಬ್ರೆಡ್ಡು, ಆಲೂಗಡ್ಡೆ ಬಿಡಿಸಿದ. ಒಂದು ವರ್ಷದಲ್ಲಿ 46 ಪೌಂಡ್, ಅಂದರೆ 21 ಕಿಲೋ ಹೋಯಿತು. ವಾರಕ್ಕೆ ನಾನೂರು ಗ್ರಾಂ. 1863ರಲ್ಲಿ ಅದನ್ನೆಲ್ಲ ಪುಸ್ತಿಕೆಯಾಗಿ ಬರೆದು ಸ್ವಂತ ಖರ್ಚಿನಲ್ಲಿ ಹಂಚಿದ. ಆಮೇಲೆ ಎಂಬತ್ತು ದಾಟುವವರೆಗೂ ಬದುಕಿದ.

ರಾಯರನ್ನು ಮೂರು ವರ್ಷ ನಡೆಸಿದ್ದು ಯಾವುದು ಎಂದರೆ ಛಲ ಎಂದು ಹೇಳಲಾರೆ. ಛಲದವರು ಮೊದಲ ನಿಲುಗಡೆಯಲ್ಲೇ ರೇಗಿ ಮನೆಗೆ ಹೋಗಿರುತ್ತಾರೆ. ಇವರನ್ನು ನಡೆಸಿದ್ದು ಜಮಾಖರ್ಚಿನ ಚಟ, ಜೊತೆಗೆ ಸಣ್ಣ ಸಣ್ಣ ಸಂತೋಷಗಳು. ಬೆಲ್ಟಿಗೆ ಚಮ್ಮಾರನ ಹತ್ತಿರ ಹೊಸ ತೂತು ಹಾಕಿಸಿದ ದಿನ ಅವನಿಗೆ ಕೇಳಿದ್ದಕ್ಕಿಂತ ಹೆಚ್ಚು ದುಡ್ಡು ಕೊಟ್ಟು ಬಂದರು. ಕಾಲಿನ ಉಗುರನ್ನು ಉಸಿರು ಬಿಗಿಹಿಡಿಯದೆ ಕತ್ತರಿಸಿಕೊಂಡದ್ದು ಇನ್ನೊಂದು ದಿನ. ಎಲ್ಲಕ್ಕಿಂತ ದೊಡ್ಡದು ಮಠದ ಪಂಕ್ತಿಯಲ್ಲಿ ನಡೆಯಿತು. ಹತ್ತು ವರ್ಷದಿಂದ ಟೇಬಲ್ಲಿನ ಸಾಲಿಗೆ ಹೋಗುತ್ತಿದ್ದವರು ಅವತ್ತು ನೆಲಕ್ಕೆ ಕೂತರು. ಊಟ ಮುಗಿಸಿ ಕೈಯೂರದೆ, ಪಕ್ಕದವರ ಭುಜ ಹಿಡಿಯದೆ ಎದ್ದು ನಿಂತರು. ಯಾರೂ ನೋಡಲಿಲ್ಲ. ರಾಯರು ಮತ್ತೊಮ್ಮೆ ಕೂತು ಎದ್ದರು.

ನಿಲುಗಡೆ ಮರಳಿ ಬಂದಾಗ ಡಾಕ್ಟರು ಅವರಿಗೆ ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದ ಕಥೆ ಹೇಳಿದರು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಭಾರತೀಯರನ್ನು ತೆಗೆದುಕೊಂಡು ಒಂದು ಗುಂಪಿಗೆ ಊಟ ಮತ್ತು ನಡಿಗೆ ಬದಲಿಸಿಕೊಳ್ಳಲು ಹೇಳಿದ್ದರು. ಸುಮಾರು ಮೂರು ವರ್ಷದ ಕೊನೆಗೆ ಆ ಗುಂಪಿನಲ್ಲಿ ಕಾಯಿಲೆ ಹತ್ತುವ ಅಪಾಯ ಶೇ. 28.5ರಷ್ಟು ತಗ್ಗಿತ್ತು. ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಅಂಕಿ ನಿಂತಿದೆಯೆಂದು ಕೆಲಸ ನಿಂತಿಲ್ಲ ಎಂದು ತಿಳಿದ ಮೇಲೆ ರಾಯರು ಡೈರಿಯಲ್ಲಿ ಇನ್ನೊಂದು ಕಾಲಂ ಎಳೆದರು: ಸೊಂಟದ ಅಳತೆ. ಅದು ಮಿಲಿಮೀಟರಿನಲ್ಲಿದೆ.

ನಿಮ್ಮ ಪಾರ್ಕಿನಲ್ಲೂ ಇವರು ಇರುತ್ತಾರೆ. ಸಿಕ್ಕರೆ ಎಷ್ಟಿಳಿದ್ರಿ ಎಂದು ಕೇಳಬೇಡಿ, ಶುಗರ್ರಾ ಎಂದಂತೂ ಕೇಳಲೇಬೇಡಿ. ಒಂದು ಸುತ್ತು ಜೊತೆಗೆ ನಡೆಯಿರಿ. ಮನೆಗೆ ಊಟಕ್ಕೆ ಕರೆದರೆ ಅವರು ಒಂದೇ ಹೋಳಿಗೆಯ ನಂತರ ಎಲೆಗೆ ಕೈ ಅಡ್ಡ ಹಿಡಿದಾಗ ದಯವಿಟ್ಟು ನಂಬಿ.